ಅಂಕಿ ಅಂಶಗಳಿಗೂ ಬೇಕು ಒಂದು ಅಚ್ಚು

2019ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಹಾಸನ ಜಿಲ್ಲೆಯವರು ಅಷ್ಟು ಸುಲಭವಾಗಿ ಮರೆಯಲಾರರು. ಆ ವರ್ಷ ಇಡೀ ರಾಜ್ಯಕ್ಕೆ ಹಾಸನವೇ ಪ್ರಥಮ. ಜಿಲ್ಲೆಯ ಫಲಿತಾಂಶ ಶೇಕಡ 89.33. ಎರಡನೆಯ ಸ್ಥಾನದಲ್ಲಿದ್ದ ರಾಮನಗರದ್ದು ಶೇಕಡ 88.49, ಮೂರನೆಯದಾದ ಬೆಂಗಳೂರು ಗ್ರಾಮಾಂತರದ್ದು ಶೇಕಡ 88.34.

ಈ ಮೂರು ಅಂಕಿಗಳನ್ನು ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಟ್ಟು ‘ಸ್ತಂಭ ನಕ್ಷೆ ಬರೆಯಿರಿ’ ಎಂದು ಹೇಳಿ ನೋಡಿ. ಒಬ್ಬಳು ಲಂಬ ಅಕ್ಷವನ್ನು ಸೊನ್ನೆಯಿಂದ ನೂರರವರೆಗೆ, ಹತ್ತು ಸೆಂಟಿಮೀಟರ್ ಉದ್ದಕ್ಕೆ ಎಳೆಯುತ್ತಾಳೆ. ಮೂರು ಕಂಬಗಳೂ ಹೆಚ್ಚುಕಡಿಮೆ ಒಂದೇ ಎತ್ತರ. ಹಾಸನಕ್ಕೂ ರಾಮನಗರಕ್ಕೂ ಇರುವ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ಇನ್ನೊಬ್ಬ ಜಾಗ ಉಳಿಸಲೆಂದು ಅಕ್ಷವನ್ನು 88ರಿಂದ ಆರಂಭಿಸುತ್ತಾನೆ. ಈಗ ಹಾಸನದ ಕಂಬ ಬೆಂಗಳೂರು ಗ್ರಾಮಾಂತರದ ಕಂಬಕ್ಕಿಂತ ಸುಮಾರು ನಾಲ್ಕು ಪಟ್ಟು ಎತ್ತರ! ಅಂಕಿಗಳು ಅವೇ, ಲೆಕ್ಕದಲ್ಲಿ ತಪ್ಪಿಲ್ಲ, ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ಎರಡು ಚಿತ್ರಗಳು ನೋಡುವವನ ಮನಸ್ಸಿನಲ್ಲಿ ಮೂಡಿಸುವ ಅಭಿಪ್ರಾಯ ಮಾತ್ರ ಬೇರೆ ಬೇರೆ.

ಅಂಕಿ ಅಂಶಗಳನ್ನು ಚಿತ್ರವಾಗಿ ಬರೆಯುವುದು ಶಾಲೆಯ ಗಣಿತದ ಪುಸ್ತಕಕ್ಕೆ ಮಾತ್ರ ಸೇರಿದ ವಿಷಯವಲ್ಲ. ಮಳೆ, ಅಣೆಕಟ್ಟೆಯ ನೀರು, ಮಗುವಿನ ತೂಕ, ರೈಲಿನ ಓಡಾಟ, ಉಪಗ್ರಹದ ಆರೋಗ್ಯ – ಎಲ್ಲವೂ ಇಂದು ಗ್ರಾಫ್ ಆಗಿಯೇ ಮೇಜಿನ ಮೇಲೆ ಬರುತ್ತವೆ. ಅವನ್ನು ನೋಡಿ ತೀರ್ಮಾನ ತೆಗೆದುಕೊಳ್ಳುವವರಿಗೆ ಹತ್ತಾರು ಜನ ಹತ್ತಾರು ರೀತಿಯಲ್ಲಿ ಬರೆದ ಗ್ರಾಫ್‌ಗಳು ಸಿಕ್ಕಿದರೆ ಗತಿಯೇನು?

ನಾಲ್ಕು ತಾಲ್ಲೂಕು, ನಾಲ್ಕು ಚಿತ್ರ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ನಾಲ್ಕು ತಾಲ್ಲೂಕುಗಳಿಂದ ಮುಂಗಾರು ಮಳೆಯ ವಿವರವನ್ನು ಗ್ರಾಫ್ ರೂಪದಲ್ಲಿ ಕಳುಹಿಸಿ ಎಂದು ಒಂದು ಕಚೇರಿ ಕೇಳುತ್ತದೆ ಎನ್ನಿ. ಹಾಸನದವರು ಮಿಲಿಮೀಟರಿನಲ್ಲಿ, ಜೂನ್ ಒಂದರಿಂದ ಬರೆದರು. ಹೊಳೆನರಸೀಪುರದವರು ಸೆಂಟಿಮೀಟರಿನಲ್ಲಿ ಬರೆದರು. ಅರಕಲಗೂಡಿನವರು ಜನವರಿಯಿಂದ ಲೆಕ್ಕ ಹಿಡಿದರು. ಚನ್ನರಾಯಪಟ್ಟಣದವರು ವಾರದ ಮಳೆಯ ಬದಲು ಆರಂಭದಿಂದ ಬಿದ್ದ ಒಟ್ಟು ಮಳೆಯನ್ನು ತೋರಿಸಿದರು. ಒಬ್ಬರಿಗೆ ನೀಲಿ ಎಂದರೆ ಈ ವರ್ಷ. ಇನ್ನೊಬ್ಬರಿಗೆ ನೀಲಿ ಎಂದರೆ ಕಳೆದ ವರ್ಷ.

ನಾಲ್ಕೂ ಚಿತ್ರಗಳು ಬಿಡಿಬಿಡಿಯಾಗಿ ಚೆನ್ನಾಗಿಯೇ ಇರಬಹುದು. ಒಟ್ಟಿಗೆ ಇಟ್ಟಾಗ ಮಾತ್ರ ಅವು ಒಂದಕ್ಕೊಂದು ಮಾತನಾಡುವುದಿಲ್ಲ. ಎಲ್ಲಿ ಬಿತ್ತನೆಗೆ ತೊಂದರೆಯಾಗಿದೆ, ಎಲ್ಲಿ ಆಲೂಗಡ್ಡೆ ಹೊಲದಲ್ಲಿ ನೀರು ನಿಂತಿದೆ ಎಂದು ತಿಳಿಯಬೇಕಾದವರು ಮೊದಲು ನಾಲ್ಕು ಬಗೆಯ ಬರವಣಿಗೆಯನ್ನು ಬಿಡಿಸಿ ಓದಬೇಕು. ಆ ಹೊತ್ತಿಗೆ ಒಂದು ತಪ್ಪು ನಡೆದುಹೋಗುವುದು ಕಷ್ಟವೇನಲ್ಲ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುವ ಸಕ್ಕರೆ ಅಚ್ಚನ್ನು ನೋಡಿ. ಗಿಳಿ, ಆನೆ, ಬೃಂದಾವನ – ಮರದ ಅಚ್ಚು ಒಂದು ಇದ್ದರೆ ಅಜ್ಜಿ ಎರೆದರೂ ಅದೇ ಗಿಳಿ, ಮೊಮ್ಮಗಳು ಎರೆದರೂ ಅದೇ ಗಿಳಿ. ಅಚ್ಚನ್ನು ಕೆತ್ತುವಾಗ ಒಬ್ಬ ಬಡಗಿ ಒಮ್ಮೆ ತಲೆ ಖರ್ಚು ಮಾಡುತ್ತಾನೆ. ಆಮೇಲೆ ಪ್ರತಿ ವರ್ಷ ಯಾರೂ ಗಿಳಿಯ ಕೊಕ್ಕು ಎಷ್ಟು ಬಾಗಿರಬೇಕೆಂದು ಯೋಚಿಸಬೇಕಾಗಿಲ್ಲ.

ಒಂದು ಸಂಸ್ಥೆಯೊಳಗೆ ಗ್ರಾಫ್ ಬರೆಯುವ ಸಾಧನಗಳೂ ಇಂಥ ಅಚ್ಚುಗಳೇ. ಅಕ್ಷ ಎಲ್ಲಿಂದ ಆರಂಭ, ಯಾವ ಏಕಮಾನ, ಯಾವ ಬಣ್ಣಕ್ಕೆ ಯಾವ ಅರ್ಥ, ಶೀರ್ಷಿಕೆ ಎಲ್ಲಿ, ಅಂಕಿ ಎಲ್ಲಿಂದ ಬಂತೆಂಬ ಸಾಲು ಎಲ್ಲಿ – ಇವನ್ನೆಲ್ಲ ಒಮ್ಮೆ ಕುಳಿತು ನಿಶ್ಚಯಿಸುವುದು. ನಂತರ ಆ ನಿಶ್ಚಯವನ್ನು ಜನರ ನೆನಪಿಗೆ ಬಿಡದೆ ಸಾಧನಕ್ಕೆ ಒಪ್ಪಿಸುವುದು. ಆ ಸಾಧನ ಮುದ್ರಿತ ಹಾಳೆಯಾಗಿರಬಹುದು, ಕಂಪ್ಯೂಟರಿನ ಪ್ರೋಗ್ರಾಂ ಆಗಿರಬಹುದು. ತತ್ತ್ವ ಒಂದೇ.

ಅಂಗನವಾಡಿಯ ಹಸಿರು ಹಾದಿ

ಇಂಥ ಅಚ್ಚಿನ ಅತ್ಯುತ್ತಮ ಮಾದರಿಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ಊರಿನ ಅಂಗನವಾಡಿಯಲ್ಲೇ ಅದು ಸಿಗುತ್ತದೆ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಈ ನಾಲ್ಕು ತಾಲ್ಲೂಕುಗಳೂ ಸೇರಿದಂತೆ ಎಲ್ಲೆಡೆ ಅಂಗನವಾಡಿಗಳಿವೆ. ಮಗುವಿನ ತೂಕವನ್ನು ಕಾಲಕಾಲಕ್ಕೆ ನೋಡಿ ‘ಬೆಳವಣಿಗೆ ನಕ್ಷೆ’ಯಲ್ಲಿ ಗುರುತಿಸುವುದು ಅಲ್ಲಿನ ಕಾರ್ಯಕರ್ತೆಯರ ಮುಖ್ಯ ಕೆಲಸಗಳಲ್ಲಿ ಒಂದು.

ಈ ನಕ್ಷೆಯ ಕಥೆ ಸ್ವಾರಸ್ಯವಾಗಿದೆ. ಆಫ್ರಿಕದ ನೈಜೀರಿಯದ ಹಳ್ಳಿಗಳಲ್ಲಿ ಕೆಲಸ ಮಾಡಿದ ಡೇವಿಡ್ ಮೋರ್ಲೆ ಎಂಬ ಇಂಗ್ಲಿಷ್ ವೈದ್ಯರು, ತಾಯಂದಿರೇ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಸರಳ ತೂಕದ ಚೀಟಿಯನ್ನು ಬಳಕೆಗೆ ತಂದು ಜನಪ್ರಿಯಗೊಳಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮಾನ್ ಮತ್ತು ಅಮೆರಿಕ ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು, ತೂಗಿ, 2006ರಲ್ಲಿ ಹೊಸ ಮಾನದಂಡ ಪ್ರಕಟಿಸಿತು. ಒಳ್ಳೆಯ ಆರೈಕೆ ಮತ್ತು ತಾಯಿಯ ಹಾಲು ಸಿಕ್ಕಿದ ಮಕ್ಕಳು ಯಾವ ದೇಶದಲ್ಲೇ ಇರಲಿ, ಮೊದಲ ಐದು ವರ್ಷಗಳಲ್ಲಿ ಬಹುಮಟ್ಟಿಗೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಅದರಿಂದ ಕಂಡುಬಂತು. ಭಾರತದ ಅಂಗನವಾಡಿಗಳು 2008ರಿಂದ ಈ ಮಾನದಂಡವನ್ನು ಅಳವಡಿಸಿಕೊಂಡವು.

ನಕ್ಷೆಯ ರಚನೆ ನೋಡಿ. ಅಡ್ಡಸಾಲಿನಲ್ಲಿ ವಯಸ್ಸು, ಲಂಬಸಾಲಿನಲ್ಲಿ ತೂಕ. ಅಕ್ಷಗಳು, ಪ್ರಮಾಣ, ವಕ್ರರೇಖೆಗಳು ಎಲ್ಲವೂ ಮೊದಲೇ ಅಚ್ಚಾಗಿರುತ್ತವೆ. ಹಸಿರು ಪಟ್ಟಿಯಲ್ಲಿದ್ದರೆ ತೂಕ ಸರಿಯಾಗಿದೆ; ಹಳದಿಯಾದರೆ ಕಡಿಮೆ; ಕಿತ್ತಳೆಯಾದರೆ ತೀರಾ ಕಡಿಮೆ. ಕಾರ್ಯಕರ್ತೆ ಇಡಬೇಕಾದುದು ಒಂದು ಚುಕ್ಕೆ ಮಾತ್ರ. ಹೆಣ್ಣುಮಕ್ಕಳಿಗೆ ಗುಲಾಬಿ ಬಣ್ಣದ ಹಾಳೆ, ಗಂಡುಮಕ್ಕಳಿಗೆ ನೀಲಿ ಬಣ್ಣದ ಹಾಳೆ.

ಹಾಳೆಯ ಬಣ್ಣ ಬೇರೆ ಮಾಡಿದ್ದು ಅಂದಕ್ಕಲ್ಲ. ಒಂದು ವರ್ಷ ತುಂಬಿದ ಮಗುವಿನ ತೂಕ 7.5 ಕಿಲೋ ಇದೆ ಎನ್ನೋಣ. ಹೆಣ್ಣುಮಗುವಾದರೆ ಹಸಿರು ಪಟ್ಟಿಯಲ್ಲೇ ಇರುತ್ತದೆ, ಏಕೆಂದರೆ ಅಲ್ಲಿ ಹಸಿರಿನ ಕೆಳ ಅಂಚು 7.0 ಕಿಲೋ. ಗಂಡುಮಗುವಾದರೆ ಹಳದಿಗೆ ಬೀಳುತ್ತದೆ, ಏಕೆಂದರೆ ಅಲ್ಲಿ ಅಂಚು 7.7 ಕಿಲೋ. ಹಾಳೆ ಅದಲುಬದಲಾದರೆ ಆರೈಕೆ ಬೇಕಾದ ಮಗು ಆರೋಗ್ಯವಾಗಿದೆ ಎಂದು ದಾಖಲಾಗಿಬಿಡುತ್ತದೆ. ಹಾಳೆಯ ಬಣ್ಣ ಆ ತಪ್ಪನ್ನು ಬಾಗಿಲಲ್ಲೇ ತಡೆಯುತ್ತದೆ.

ಇನ್ನೊಂದು ಪ್ರಸಂಗ. ಒಂಬತ್ತು ತಿಂಗಳಲ್ಲಿ 7.4 ಕಿಲೋ ಇದ್ದ ಗಂಡುಮಗು ಹನ್ನೆರಡನೆಯ ತಿಂಗಳಿಗೆ 7.5 ಕಿಲೋ ಆಯಿತು. ಬರೀ ಅಂಕಿ ನೋಡಿದ ತಾಯಿಗೆ ಸಮಾಧಾನ: ತೂಕ ಇಳಿದಿಲ್ಲ, ನೂರು ಗ್ರಾಂ ಏರಿಯೇ ಇದೆಯಲ್ಲ! ನಕ್ಷೆಯಲ್ಲಿ ಮಾತ್ರ ಬೇರೆಯೇ ದೃಶ್ಯ. ಹಸಿರು ಹಾದಿ ಮೇಲಕ್ಕೆ ಏರುತ್ತಿದೆ, ಮಗುವಿನ ಗೆರೆ ಮಲಗಿಬಿಟ್ಟಿದೆ. ಒಂಬತ್ತರಲ್ಲಿ ಹಸಿರಿನೊಳಗಿದ್ದ ಚುಕ್ಕೆ ಹನ್ನೆರಡರಲ್ಲಿ ಹಳದಿಗೆ ಜಾರಿದೆ. ಅಕ್ಷರ ಬಾರದ ತಾಯಿಗೂ ಗೆರೆ ಎತ್ತ ಹೋಗುತ್ತಿದೆ ಎಂಬುದು ಕಾಣುತ್ತದೆ. ಅರಕಲಗೂಡಿನಲ್ಲಿ ಚುಕ್ಕೆ ಇಟ್ಟ ಹಾಳೆಯನ್ನು ಚನ್ನರಾಯಪಟ್ಟಣದ ವೈದ್ಯರು ಯಾವ ವಿವರಣೆಯೂ ಇಲ್ಲದೆ ಓದಬಲ್ಲರು. ಮಗುವಿನ ತಾಯಿ ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಹೋದರೆ ಹಾಳೆಯೂ ಜೊತೆಗೆ ಹೋಗುತ್ತದೆ, ಅರ್ಥ ಬದಲಾಗುವುದಿಲ್ಲ. ಒಂದೇ ಅಚ್ಚಿನಿಂದ ದೊರೆಯುವ ಲಾಭ ಇದು.

2021ರಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ತಂತ್ರಾಂಶವನ್ನು ಜಾರಿಗೆ ತಂದಿತು. ಕಾರ್ಯಕರ್ತೆ ತೂಕ, ಎತ್ತರಗಳನ್ನು ನಮೂದಿಸಿದರೆ ಮಗು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಅದೇ ಹೇಳುತ್ತದೆ. ಕಾಗದದ ಅಚ್ಚು ಕಂಪ್ಯೂಟರಿನ ಅಚ್ಚಾಯಿತು, ಅಷ್ಟೆ.

ಸೊನ್ನೆ ಎಲ್ಲಿರಬೇಕು?

ಅಚ್ಚು ಮಾಡುವಾಗ ನಿಯಮಗಳನ್ನು ಕಣ್ಣುಮುಚ್ಚಿ ಹಾಕಿಬಿಡುವಂತಿಲ್ಲ. ಫಲಿತಾಂಶದ ಕಂಬಗಳು ಸೊನ್ನೆಯಿಂದಲೇ ಆರಂಭವಾಗಬೇಕು ಎಂಬುದು ಮೇಲಿನ ಉದಾಹರಣೆಯಿಂದ ಸ್ಪಷ್ಟ. ಕಂಬದ ನಕ್ಷೆಯಲ್ಲಿ ಕಣ್ಣು ಅಳೆಯುವುದು ಕಂಬದ ಪೂರ್ತಿ ಉದ್ದವನ್ನು. ಬುಡ ಕತ್ತರಿಸಿದರೆ ಅಳತೆಯೇ ಸುಳ್ಳಾಗುತ್ತದೆ. ಹಾಗಾದರೆ ಎಲ್ಲ ಗ್ರಾಫ್‌ಗಳೂ ಸೊನ್ನೆಯಿಂದಲೇ ಆರಂಭವಾಗಬೇಕೆ?

ಗೊರೂರಿನ ಹೇಮಾವತಿ ಜಲಾಶಯವನ್ನು ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅದರ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡದ ರೈತನಿಲ್ಲ. ಗರಿಷ್ಠ ಮಟ್ಟ 2,922 ಅಡಿ. ಇದು ಅಣೆಕಟ್ಟೆಯ ಎತ್ತರವಲ್ಲ, ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಎತ್ತರ. ಹತ್ತು ಸೆಂಟಿಮೀಟರ್ ಎತ್ತರದ ಗ್ರಾಫ್ ಹಾಳೆಯಲ್ಲಿ ಸೊನ್ನೆಯಿಂದ 2,922ರವರೆಗೆ ಅಕ್ಷ ಎಳೆದರೆ, ನೀರು 60 ಅಡಿ ಇಳಿದರೂ ಗೆರೆ ಇಳಿಯುವುದು ಎರಡೇ ಮಿಲಿಮೀಟರ್! ಜಲಾಶಯ ಬತ್ತುತ್ತಿದ್ದರೂ ಗ್ರಾಫ್ ನೆಮ್ಮದಿಯಾಗಿ ಮಲಗಿರುತ್ತದೆ. ಅದೇ ಅಕ್ಷವನ್ನು 2,822ರಿಂದ 2,922ರವರೆಗೆ ಇಟ್ಟರೆ 60 ಅಡಿಯ ಇಳಿತ ಆರು ಸೆಂಟಿಮೀಟರ್ ಆಗಿ ಕಣ್ಣಿಗೆ ರಾಚುತ್ತದೆ. ಇಲ್ಲಿ ಸಮುದ್ರಮಟ್ಟದ ಸೊನ್ನೆಗೆ ಅರ್ಥವಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಜಲಾಶಯ ಬಾಣಲೆಯಂತೆ ಕೆಳಗೆ ಕಿರಿದು, ಮೇಲೆ ಅಗಲ. ತುಂಬಿರುವಾಗ ಒಂದು ಅಡಿ ಇಳಿದರೆ ಹೋಗುವ ನೀರು, ತಳ ಕಾಣುವ ಹೊತ್ತಿನಲ್ಲಿ ಒಂದು ಅಡಿ ಇಳಿದರೆ ಹೋಗುವ ನೀರಿಗಿಂತ ಬಹಳ ಹೆಚ್ಚು. ಆದ್ದರಿಂದ ಅಡಿಯ ಗ್ರಾಫ್ ಬೇರೆ, ಟಿ.ಎಂ.ಸಿ. ಗ್ರಾಫ್ ಬೇರೆ. ಹೇಮಾವತಿಯ ಒಟ್ಟು ಸಾಮರ್ಥ್ಯ 37.103 ಟಿ.ಎಂ.ಸಿ. ನಾಲೆಯ ನೀರು ಎಷ್ಟು ದಿನ ಬರುತ್ತದೆ ಎಂದು ತಿಳಿಯಬೇಕಾದವರಿಗೆ ಬೇಕಾದುದು ಎರಡನೆಯದು, ಮತ್ತು ಅದು ಸೊನ್ನೆಯಿಂದಲೇ ಆರಂಭವಾಗಬೇಕು. ಒಂದೇ ಜಲಾಶಯ, ಎರಡು ಗ್ರಾಫ್, ಎರಡು ನಿಯಮ. ಇದನ್ನು ಬಲ್ಲವರು ಒಮ್ಮೆ ಯೋಚಿಸಿ ಅಚ್ಚಿನಲ್ಲಿ ಕೂರಿಸಿಟ್ಟರೆ, ದಿನಾ ಅಂಕಿ ತುಂಬುವ ಗುಮಾಸ್ತರು ಆ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಂಥ ನಿಯಮಗಳ ಹುಡುಕಾಟ ಇಂದಿನದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ದೇಶದ ವ್ಯಾಪಾರದ ಅಂಕಿಗಳನ್ನು ಗೆರೆ ಮತ್ತು ಕಂಬಗಳಲ್ಲಿ ಬರೆದು ಪುಸ್ತಕ ಮಾಡಿದ್ದು 1786ರಲ್ಲಿ. ಮುಂದೆ ಗ್ರಾಫ್‌ಗಳು ಎಲ್ಲೆಡೆ ಹರಡಿ, ಒಬ್ಬೊಬ್ಬರು ಒಂದೊಂದು ರೀತಿ ಬರೆಯತೊಡಗಿದಾಗ, ಅಮೆರಿಕದಲ್ಲಿ ಎಂಜಿನಿಯರುಗಳು, ಸಂಖ್ಯಾಶಾಸ್ತ್ರಜ್ಞರು ಮೊದಲಾದವರ ಸಂಘಗಳು ಸೇರಿ ವಿಲ್ಲರ್ಡ್ ಬ್ರಿಂಟನ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿಕೊಂಡವು. 1915ರಲ್ಲಿ ಆ ಸಮಿತಿ ಪ್ರಕಟಿಸಿದ ನಿಯಮಗಳಲ್ಲಿ, ಸಾಧ್ಯವಾದಲ್ಲೆಲ್ಲ ಸೊನ್ನೆಯ ಗೆರೆ ಕಾಣುವಂತಿರಲಿ ಎಂಬುದೂ ಒಂದು.

ಬಣ್ಣಕ್ಕೂ ಒಂದು ಭಾಷೆ

‘ಆಕರ್ಷಕ’ ಎಂದೊಡನೆ ಅನೇಕರು ಬಣ್ಣದ ಡಬ್ಬಿಗೆ ಕೈ ಹಾಕುತ್ತಾರೆ. ಆದರೆ ಬಣ್ಣ ಅಲಂಕಾರವಾಗುವ ಮೊದಲು ಅರ್ಥವಾಗಬೇಕು. ಜುಲೈ ತಿಂಗಳಲ್ಲಿ ‘ರೆಡ್ ಅಲರ್ಟ್’ ಎಂಬ ಮಾತು ಕೇಳಿದರೆ ಮಲೆನಾಡಿನ ಮಕ್ಕಳು ನಾಳೆ ಶಾಲೆಗೆ ರಜೆಯೇ ಎಂದು ಕಿವಿ ನಿಮಿರಿಸುತ್ತಾರೆ. ಭಾರತೀಯ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಿಗೆ ನಾಲ್ಕು ನಿಶ್ಚಿತ ಅರ್ಥ ಕೊಟ್ಟಿದೆ. ಇಲಾಖೆಯ ಪದಗಳಿಗೂ ಅಳತೆ ಉಂಟು. ದಿನಕ್ಕೆ 64.5 ಮಿಲಿಮೀಟರಿನಿಂದ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.5 ಮತ್ತು ಮೇಲ್ಪಟ್ಟದ್ದು ‘ಅತ್ಯಂತ ಭಾರಿ’. ಯಾವ ಜಿಲ್ಲೆಯಲ್ಲಿ ಯಾರು ಬರೆದರೂ ಈ ಗಡಿಗಳು ಬದಲಾಗುವುದಿಲ್ಲ.

ಋತುವಿನ ಮಳೆಯನ್ನು ನಕ್ಷೆಯಲ್ಲಿ ತೋರಿಸುವಾಗ ಇಲಾಖೆ ಇನ್ನೊಂದು ಜಾಣತನ ಮಾಡುತ್ತದೆ. ಬಿದ್ದ ಮಳೆಯನ್ನಲ್ಲ, ಆ ಊರಿನ ವಾಡಿಕೆ ಮಳೆಗಿಂತ ಶೇಕಡ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ಬಣ್ಣದಲ್ಲಿ ಹೇಳುತ್ತದೆ. ಶೇಕಡ 19ರವರೆಗಿನ ಏರುಪೇರು ‘ವಾಡಿಕೆ’ಯೊಳಗೇ ಲೆಕ್ಕ. ಸಕಲೇಶಪುರದ ಘಟ್ಟದಲ್ಲಿ ಕೊರತೆ ಎನಿಸುವ ಮಳೆ ಚನ್ನರಾಯಪಟ್ಟಣದ ತೆಂಗಿನ ತೋಟಗಳ ಸೀಮೆಯಲ್ಲಿ ಕೆರೆ ಕೋಡಿ ಬೀಳಿಸೀತು. ಎರಡನ್ನೂ ಒಂದೇ ಮಾನದಂಡಕ್ಕೆ ತಂದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಬಣ್ಣ ಆರಿಸುವಾಗ ಮರೆಯಬಾರದ ಮಾತು ಎರಡು. ಮೊದಲನೆಯದು, ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಒಂದು ತರಗತಿಯಲ್ಲಿ ಅಂಥ ಒಬ್ಬ ಹುಡುಗ ಇರುವ ಸಂಭವ ಸಾಕಷ್ಟಿದೆ. ತನಗೆ ಆ ತೊಂದರೆ ಇದೆ ಎಂಬುದು ಅವನಿಗೇ ತಿಳಿದಿರಲಾರದು. ಎರಡನೆಯದು, ನಮ್ಮ ಕಚೇರಿಗಳಲ್ಲಿ ಯಾವ ಬಣ್ಣದ ಚಿತ್ರವೂ ಕೊನೆಗೆ ಜೆರಾಕ್ಸ್ ಅಂಗಡಿಗೆ ಹೋಗಿ ಕಪ್ಪು ಬಿಳುಪಾಗಿ ಬರುತ್ತದೆ. ಆಗ ಕೆಂಪೂ ಹಸಿರೂ ಒಂದೇ ಬೂದು. ಇದಕ್ಕೆಂದೇ 2015ರಲ್ಲಿ ‘ವಿರಿಡಿಸ್’ ಎಂಬ ಬಣ್ಣದ ಸಾಲನ್ನು ವಿಜ್ಞಾನಿಗಳು ರೂಪಿಸಿದರು. ಕಡುನೇರಳೆಯಿಂದ ಹಸಿರಿನ ಮೂಲಕ ಹಳದಿಗೆ ಸಾಗುವ ಈ ಸಾಲಿನಲ್ಲಿ ಬಣ್ಣದ ಜೊತೆಗೆ ಕಾಂತಿಯೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಜೆರಾಕ್ಸ್ ಮಾಡಿದರೂ ಕ್ರಮ ಕೆಡದು.

ಪಾಳಿ ಬದಲಾದರೂ ಓದು ಬದಲಾಗದು

ಹೊಳೆನರಸೀಪುರದ ಮೇಲೆ ಮೈಸೂರು–ಹಾಸನ ರೈಲು ಓಡುತ್ತದೆ. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬರುವ ಗಾಡಿಗಳು ನಿಲ್ದಾಣದಲ್ಲೇ ಒಂದನ್ನೊಂದು ದಾಟಬೇಕು. ಇದನ್ನು ನೋಡಿಕೊಳ್ಳಲು ರೈಲ್ವೆಯ ಕಂಟ್ರೋಲ್ ಕಚೇರಿಯಲ್ಲಿ ಒಂದು ಗ್ರಾಫ್ ಇರುತ್ತದೆ. ಒಂದು ಅಕ್ಷದಲ್ಲಿ ಸಮಯ, ಇನ್ನೊಂದರಲ್ಲಿ ಸಾಲಾಗಿ ನಿಲ್ದಾಣಗಳು. ಪ್ರತಿ ಗಾಡಿಯೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ಗಾಡಿ ವೇಗವಾಗಿದೆ, ಚಪ್ಪಟೆಯಾದರೆ ನಿಂತಿದೆ. ಎರಡು ಗೆರೆಗಳು ಸೇರುವ ಬಿಂದು ನಿಲ್ದಾಣದ ಗೆರೆಯ ಮೇಲೆ ಬಿದ್ದರೆ ಕ್ಷೇಮ. ನಡುದಾರಿಯಲ್ಲಿ ಬಿದ್ದರೆ? ಅದನ್ನು ಹೇಳಬೇಕಾಗಿಲ್ಲ. ಕಂಟ್ರೋಲರುಗಳು ಮುದ್ರಿತ ಹಾಳೆಯ ಮೇಲೆ ಕೈಯಿಂದ ಎಳೆಯುತ್ತಿದ್ದ ಗೆರೆಗಳನ್ನು ಈಗ ಕಂಪ್ಯೂಟರ್ ಎಳೆಯುತ್ತದೆ. ರಾತ್ರಿ ಪಾಳಿಗೆ ಬಂದವರು ಹಗಲು ಪಾಳಿಯವರು ಬಿಟ್ಟುಹೋದ ಚಿತ್ರವನ್ನು ಒಂದು ನೋಟದಲ್ಲಿ ಓದಬೇಕಾದರೆ ಇಬ್ಬರ ಅಕ್ಷವೂ ಒಂದೇ ಆಗಿರಬೇಕು ತಾನೇ?

ಹಾಸನದಲ್ಲಿಯೇ 1982ರಲ್ಲಿ ಆರಂಭವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವೂ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುವ ಕೇಂದ್ರ ಅದು. ಬ್ಯಾಟರಿಯ ವೋಲ್ಟೇಜ್, ಒಳಗಿನ ಉಷ್ಣತೆ ಮೊದಲಾದ ಅಂಕಿಗಳು ಹಗಲಿರುಳು ಭೂಮಿಗೆ ಬರುತ್ತವೆ. ಉಪಗ್ರಹವನ್ನು ಮುಟ್ಟಿ ನೋಡುವಂತಿಲ್ಲ. ಅಂಕಿಗಳೇ ಅದರ ನಾಡಿ. ಇಂಥ ಕಡೆ ಒಬ್ಬೊಬ್ಬ ಎಂಜಿನಿಯರ್ ಒಂದೊಂದು ಪ್ರಮಾಣದಲ್ಲಿ ಗ್ರಾಫ್ ನೋಡತೊಡಗಿದರೆ ಏನಾದೀತು ಎಂಬುದನ್ನು ಊಹಿಸಬಹುದು.

ಕಂಪ್ಯೂಟರಿನ ಅಚ್ಚುಗಳು

ಈಗ ಅಚ್ಚು ಮಾಡಿಕೊಳ್ಳುವುದು ಮೊದಲಿಗಿಂತ ಸುಲಭ. ಎಕ್ಸೆಲ್‌ನಲ್ಲಿ ಒಮ್ಮೆ ಚೆನ್ನಾಗಿ ಬರೆದ ಗ್ರಾಫನ್ನು ‘ಟೆಂಪ್ಲೇಟ್’ ಆಗಿ ಉಳಿಸಿಟ್ಟುಕೊಂಡು ಬೇರೆ ಅಂಕಿಗಳಿಗೂ ಬಳಸಬಹುದು. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿ ಇಡೀ ಹಾಳೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು.

ಪ್ರೋಗ್ರಾಂ ಬರೆಯಬಲ್ಲವರಿಗೆ ಇನ್ನೂ ಬಲವಾದ ಸಾಧನಗಳಿವೆ. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ಜಾನ್ ಹಂಟರ್ ತಮ್ಮ ಕೆಲಸಕ್ಕೆಂದು ಪೈಥಾನ್ ಭಾಷೆಯಲ್ಲಿ ‘ಮ್ಯಾಟ್‌ಪ್ಲಾಟ್‌ಲಿಬ್’ ಬರೆದು 2003ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಬಣ್ಣ, ಅಕ್ಷರದ ಗಾತ್ರ, ಗೆರೆಯ ದಪ್ಪ ಇವನ್ನೆಲ್ಲ ಒಂದು ಸಣ್ಣ ಕಡತದಲ್ಲಿ ಬರೆದಿಟ್ಟರೆ ಸಾಕು; ಆ ಕಡತವನ್ನು ಬಳಸುವ ಎಲ್ಲರ ಗ್ರಾಫೂ ಒಂದೇ ಅಚ್ಚಿನಲ್ಲಿ ಬರುತ್ತದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ‘ಆರ್’ ಎಂಬ ಭಾಷೆಯಲ್ಲಿ ಅದೇ ದೇಶದ ಹ್ಯಾಡ್ಲಿ ವಿಕಮ್ ರಚಿಸಿದ ‘ಜಿಜಿಪ್ಲಾಟ್’ ಇನ್ನೊಂದು.

ಸಂಸ್ಥೆಯೊಂದು ತನಗೆ ಬೇಕಾದ ಅಚ್ಚನ್ನು ತಾನೇ ಮಾಡಿಕೊಂಡದ್ದಕ್ಕೆ ಬಿ.ಬಿ.ಸಿ. ಒಳ್ಳೆಯ ನಿದರ್ಶನ. ಅಲ್ಲಿನ ಅಂಕಿ ಅಂಶ ವಿಭಾಗದ ಪತ್ರಕರ್ತರು ಜಿಜಿಪ್ಲಾಟ್ ಮೇಲೆ ‘ಬಿಬಿಪ್ಲಾಟ್’ ಎಂಬ ಪುಟ್ಟ ಸಾಧನವನ್ನು ಕಟ್ಟಿ, 2019ರಲ್ಲಿ ಜಗತ್ತಿಗೂ ತೆರೆದಿಟ್ಟರು. ಅದರಲ್ಲಿರುವುದು ಎರಡೇ ಆಜ್ಞೆಗಳು. ಒಂದು, ಅಕ್ಷರ, ಬಣ್ಣ, ಗೆರೆಗಳನ್ನು ಸಂಸ್ಥೆಯ ರೀತಿಗೆ ತರುತ್ತದೆ. ಇನ್ನೊಂದು, ಶೀರ್ಷಿಕೆಯನ್ನು ಎಡಕ್ಕೆ ಸರಿಸಿ, ಅಡಿಯಲ್ಲಿ ಅಂಕಿಗಳ ಮೂಲವನ್ನೂ ಸಂಸ್ಥೆಯ ಲಾಂಛನವನ್ನೂ ಸೇರಿಸಿ, ಬೇಕಾದ ಅಳತೆಗೆ ಉಳಿಸುತ್ತದೆ. ಇಷ್ಟರಿಂದಲೇ ಪತ್ರಕರ್ತರು ಪ್ರತಿ ಗ್ರಾಫಿಗೂ ಚಿತ್ರಕಾರರ ಮುಂದೆ ಕಾಯುವುದು ತಪ್ಪಿತು. ‘ಮೂಲ’ ಎಂಬ ಸಾಲಿಗೆ ಅಚ್ಚಿನಲ್ಲೇ ಜಾಗವಿರುವುದರಿಂದ ಅದನ್ನು ಖಾಲಿ ಬಿಡಲು ಮನಸ್ಸು ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಗ್ರಾಫ್ ಬರೆಯುವ ಕೆಲವು ಪ್ರೋಗ್ರಾಂಗಳಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿಕೊಂಡು ‘ಅಕ್ಷ’ವೇ ವಿಕಾರವಾಗಿ ಕಾಣುವುದುಂಟು. ಯಾವ ತಂತ್ರಾಂಶದಲ್ಲಿ, ಯಾವ ಅಕ್ಷರಮಾದರಿಯಲ್ಲಿ ಸರಿಯಾಗಿ ಬರುತ್ತದೆಂದು ಒಮ್ಮೆ ಪರೀಕ್ಷಿಸಿ ಅದನ್ನೇ ಅಚ್ಚಿಗೆ ಸೇರಿಸಿಬಿಟ್ಟರೆ ಮುಂದಿನವರ ಪಾಡು ತಪ್ಪುತ್ತದೆ.

ಪಾಕ ಕೆಟ್ಟರೆ ಅಚ್ಚೇನು ಮಾಡೀತು?

ಅಚ್ಚಿಗೂ ಮಿತಿಯಿದೆ. ಸಕ್ಕರೆಯ ಪಾಕ ಹದ ತಪ್ಪಿದರೆ ಎಷ್ಟು ಒಳ್ಳೆಯ ಅಚ್ಚಾದರೂ ಗಿಳಿ ಮುರಿಯುತ್ತದೆ. ತೂಕದ ಯಂತ್ರದ ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ, ಮಗುವಿನ ವಯಸ್ಸನ್ನು ಅಂದಾಜಿನಲ್ಲಿ ಬರೆದಿದ್ದರೆ, ಬೆಳವಣಿಗೆ ನಕ್ಷೆ ಅಚ್ಚುಕಟ್ಟಾಗಿಯೇ ಸುಳ್ಳು ಹೇಳುತ್ತದೆ. ಕೆಟ್ಟ ಕೈಬರಹದ ಗ್ರಾಫನ್ನು ಜನ ಅನುಮಾನದಿಂದ ನೋಡುತ್ತಾರೆ. ಅಂದವಾದ ಗ್ರಾಫನ್ನು ನಂಬಿಬಿಡುತ್ತಾರೆ. ಆದ್ದರಿಂದ ಚಿತ್ರ ಸುಂದರವಾದಷ್ಟೂ ಅಳತೆಯ ಮೇಲಿನ ಎಚ್ಚರ ಹೆಚ್ಚಬೇಕು.

ಅಚ್ಚೇ ತಪ್ಪಾಗಿದ್ದರೆ ಇನ್ನೂ ಕಷ್ಟ. ಒಬ್ಬರ ತಪ್ಪು ಎಲ್ಲರ ತಪ್ಪಾಗುತ್ತದೆ, ಮತ್ತು ಎಲ್ಲರೂ ಒಂದೇ ರೀತಿ ತಪ್ಪುವುದರಿಂದ ಯಾರಿಗೂ ಅದು ಕಾಣುವುದಿಲ್ಲ. ಭಾರತ 2008ರಲ್ಲಿ ಹಳೆಯ ಬೆಳವಣಿಗೆ ನಕ್ಷೆಯನ್ನು ಬಿಟ್ಟು ಹೊಸದನ್ನು ಹಿಡಿಯಿತಷ್ಟೆ? ಹಾಗೆ ಅಚ್ಚನ್ನು ಆಗಾಗ ತಿರುಗಿಸಿ ನೋಡುವ, ಬೇಕಾದರೆ ಹೊಸದಾಗಿ ಕೆತ್ತುವ ವ್ಯವಸ್ಥೆಯೂ ಸಂಸ್ಥೆಯಲ್ಲಿರಬೇಕು.

ಮನೆ, ಶಾಲೆಗಳಲ್ಲಿ ಏನು ಮಾಡಬಹುದು?

ತಂದೆ ತಾಯಂದಿರು ಮಕ್ಕಳ ಅಂಕಪಟ್ಟಿಯಿಂದಲೇ ಆರಂಭಿಸಬಹುದು. ಕಿರುಪರೀಕ್ಷೆಯಲ್ಲಿ 25ಕ್ಕೆ 18, ವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 56 ಬಂದಿದೆ ಎನ್ನಿ. ಇದ್ದದ್ದನ್ನು ಇದ್ದಂತೆ ಗ್ರಾಫಿಗೆ ಹಾಕಿದರೆ ಮಗ ಗಗನಕ್ಕೇರಿದಂತೆ ಕಾಣುತ್ತದೆ. ಶೇಕಡಾವಾರು ಮಾಡಿದರೆ 72 ಮತ್ತು 70. ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದಾನೆ. ಅದೇ ರೀತಿ, 70 ಮತ್ತು 72ರ ನಡುವಿನ ಅಂತರವನ್ನು ಕತ್ತರಿಸಿದ ಅಕ್ಷದಲ್ಲಿ ದೊಡ್ಡದು ಮಾಡಿ, ಪಕ್ಕದ ಮನೆಯ ಹುಡುಗಿಯ ಜೊತೆ ಹೋಲಿಸಿ ಮಗುವನ್ನು ಗದರಿಸುವುದೂ ಅನ್ಯಾಯವೇ. ಎಲ್ಲ ವಿಷಯಗಳಿಗೂ ಸೊನ್ನೆಯಿಂದ ನೂರರವರೆಗಿನ ಒಂದೇ ಅಕ್ಷ, ಒಂದೊಂದು ವಿಷಯಕ್ಕೆ ವರ್ಷವಿಡೀ ಒಂದೇ ಬಣ್ಣ – ಇಷ್ಟು ನಿಯಮ ಸಾಕು.

ಶಾಲೆಗಳ ವಿಜ್ಞಾನ ಸಂಘಗಳಿಗೆ ಇದು ಒಳ್ಳೆಯ ಯೋಜನೆ. ನಾಲ್ಕು ತಾಲ್ಲೂಕುಗಳ ನಾಲ್ಕು ಶಾಲೆಗಳು ಸೇರಿ ಮುಂಗಾರಿನ ಮಳೆಯನ್ನು ಅಳೆಯಬಹುದು. ಮೊದಲು ಒಪ್ಪಂದ: ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆ, ಏಕಮಾನ ಮಿಲಿಮೀಟರ್, ಅಡ್ಡಸಾಲಿನಲ್ಲಿ ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ 122 ದಿನ, ಲಂಬ ಅಕ್ಷ ನಾಲ್ಕೂ ಶಾಲೆಗೆ ಒಂದೇ, ದಿನಕ್ಕೆ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ‘ಮಳೆಯ ದಿನ’, ಅಡಿಯಲ್ಲಿ ಅಳೆದವರ ತರಗತಿ ಮತ್ತು ಸ್ಥಳ. ಈ ಒಪ್ಪಂದವನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ಜೆರಾಕ್ಸ್ ಮಾಡಿಸಿದರೆ ಅದೇ ಮೊದಲ ಅಚ್ಚು. ಕಂಪ್ಯೂಟರ್ ಇರುವ ಶಾಲೆಯವರು ಅದನ್ನೇ ಟೆಂಪ್ಲೇಟ್ ಮಾಡಿ ಉಳಿದ ಮೂವರಿಗೆ ಕಳುಹಿಸಬಹುದು.

ಅಕ್ಟೋಬರಿನಲ್ಲಿ ನಾಲ್ಕು ಹಾಳೆಗಳನ್ನೂ ಒಂದರ ಕೆಳಗೊಂದು ಗೋಡೆಗೆ ಅಂಟಿಸಿ ನೋಡಲಿ. ಪಶ್ಚಿಮದಿಂದ ಪೂರ್ವಕ್ಕೆ ಮಳೆ ಹೇಗೆ ತೆಳುವಾಗುತ್ತಾ ಹೋಗುತ್ತದೆ, ಒಂದೇ ಮೋಡ ಎಲ್ಲೆಲ್ಲಿ ಸುರಿಯಿತು, ಯಾವ ಊರನ್ನು ಬಿಟ್ಟು ಹೋಯಿತು ಎಂಬುದೆಲ್ಲ ಯಾರೂ ವಿವರಿಸದೆ ಕಣ್ಣಿಗೆ ಕಾಣುತ್ತದೆ.